ಸ್ಲೈಡ್ ಹೇಳುವುದೆಷ್ಟು?

ಚರ್ಮದ ಉರಿಯೂತದ ಕಾಯಿಲೆಗಳು ಹಲವಾರು. ಅವು ಮೈಮೇಲೆ ತೋರುವ ರೂಪಗಳು ಮಾತ್ರ ಕೆಲವೇ. ಹೊಟ್ಟು ಏಳುವ, ತುರಿಸುವ ಒಂದು ಕೆಂಪು ಮಚ್ಚೆ ಸೋರಿಯಾಸಿಸ್ ಆಗಿರಬಹುದು, ಇಸುಬಾಗಿರಬಹುದು, ಹುಳುಕಡ್ಡಿಯೂ ಆಗಿರಬಹುದು. ಬಯಾಪ್ಸಿಯಲ್ಲಿ ಇವನ್ನು ಬೇರ್ಪಡಿಸಲು ಒಂದು ಕ್ರಮ ಕೊಟ್ಟದ್ದು ಅಮೆರಿಕದ ಎ. ಬರ್ನಾರ್ಡ್ ಆಕರ್‌ಮನ್ 1978ರಲ್ಲಿ ಪ್ರಕಟಿಸಿದ ಗ್ರಂಥ. ಹಳೆಯ ಪಠ್ಯಗಳು ರೋಗದ ಹೆಸರು ಹಿಡಿದು ಲಕ್ಷಣಗಳನ್ನು ವಿವರಿಸುತ್ತಿದ್ದವು. ಪೆಥಾಲಜಿಸ್ಟ್ ಕೈಗೆ ಬರುವುದು ಹೆಸರಲ್ಲ, ಸ್ಲೈಡ್. ಆದ್ದರಿಂದ ಆಕರ್‌ಮನ್ ವಿನ್ಯಾಸದಿಂದಲೇ ಹೊರಟರು. ಕಡಿಮೆ ವರ್ಧನೆಯಲ್ಲಿ ಮೊದಲು ಒಟ್ಟು ನೋಟ: ಉರಿಯೂತದ ಕೋಶಗಳು ಮೇಲಿನ ರಕ್ತನಾಳಗಳ ಸುತ್ತಲೇ ನಿಂತಿವೆಯೋ, ಆಳಕ್ಕೂ ಇಳಿದಿವೆಯೋ? ಗುಳ್ಳೆ ಎದ್ದಿರುವುದು ಹೊರಚರ್ಮದ ಒಳಗೋ, ಅಡಿಯಲ್ಲೋ? ಕೋಶಗಳ ಜಾತಿ ವಿಚಾರಿಸುವುದು ಆಮೇಲೆ.

ಈ ಶಿಸ್ತಿನ ಬಲ ಮಾದರಿ ಪ್ರಕರಣಗಳಲ್ಲಿ ಎದ್ದು ಕಾಣುತ್ತದೆ. ಸೋರಿಯಾಸಿಸ್‌ನಲ್ಲಿ ಹೊರಚರ್ಮದ ಮಡಿಕೆಗಳು ಒಂದೇ ಸಮನಾಗಿ ಕೆಳಗಿಳಿಯುತ್ತವೆ, ಕಣಪದರ ಮಾಯವಾಗುತ್ತದೆ, ಮೇಲಿನ ಹೊಟ್ಟಿನಲ್ಲಿ ನ್ಯೂಟ್ರೋಫಿಲ್‌ಗಳು ಗುಂಪುಗೂಡುತ್ತವೆ. ಇಸುಬಿನಲ್ಲಿ ಕೋಶಗಳ ನಡುವೆ ನೀರು ತುಂಬಿ ಹೊರಚರ್ಮ ಸಡಿಲಾಗುತ್ತದೆ. ಲೈಕೆನ್ ಪ್ಲೇನಸ್‌ನಲ್ಲಿ ಲಿಂಫೋಸೈಟ್‌ಗಳು ಹೊರಚರ್ಮದ ಅಡಿಗೆ ಪಟ್ಟಿಯಂತೆ ಒತ್ತಿಕೊಂಡಿರುತ್ತವೆ; ಅವುಗಳ ನಡುವೆ ಇಯೋಸಿನೋಫಿಲ್‌ಗಳು ಕಂಡರೆ ರೋಗಿ ಯಾವ ಮಾತ್ರೆ ನುಂಗುತ್ತಿದ್ದಾನೆಂದು ಕೇಳಬೇಕಾಗುತ್ತದೆ.

ತೊಡಕು ಶುರುವಾಗುವುದು ಮಾದರಿಗೆ ಒಗ್ಗದ ಚರ್ಮದಲ್ಲಿ. ವರ್ಷಗಟ್ಟಲೆ ಕೆರೆದ ಇಸುಬು ದಪ್ಪವಾಗಿ ಸೋರಿಯಾಸಿಸ್‌ನ ವೇಷ ತೊಡುತ್ತದೆ. ಅಂಗೈ, ಅಂಗಾಲಿನ ಸೋರಿಯಾಸಿಸ್‌ನಲ್ಲಿ ಇಸುಬಿನ ನೀರೂ ಕಾಣಸಿಗುತ್ತದೆ. ಔಷಧಿ ಅಂಗಡಿಯಿಂದ ತಂದು ಹಚ್ಚಿಕೊಂಡ ಸ್ಟೀರಾಯ್ಡ್ ಮುಲಾಮು ಗುರುತುಗಳನ್ನು ಅಳಿಸಿರುತ್ತದೆ. ವಿನ್ಯಾಸವು ಚರ್ಮದ ಪ್ರತಿಕ್ರಿಯೆಯನ್ನು ತೋರಿಸುತ್ತದೆಯೇ ಹೊರತು ಎಲ್ಲ ಸಲವೂ ಕಾರಣವನ್ನಲ್ಲ. ಹೊಟ್ಟಿನಲ್ಲಿ ನ್ಯೂಟ್ರೋಫಿಲ್ ಕಂಡೊಡನೆ ಸೋರಿಯಾಸಿಸ್ ಎಂದು ಬರೆದವರು, ಪಿಎಎಸ್ ಬಣ್ಣ ಹಾಕಿದ್ದರೆ ಅಲ್ಲೇ ಶಿಲೀಂಧ್ರದ ಎಳೆಗಳನ್ನು ನೋಡುತ್ತಿದ್ದರೇನೋ. ಕುಷ್ಠ ಇನ್ನೂ ಇರುವ ನಮ್ಮ ನಾಡಿನಲ್ಲಿ ಗ್ರಾನುಲೋಮಾ ಕಂಡಾಗ, ಅದು ನರಗಳ ಜಾಡು ಹಿಡಿದಿದೆಯೇ ಎಂದು ಹುಡುಕದೆ ಸಾರ್ಕಾಯ್ಡ್ ಎನ್ನುವಂತಿಲ್ಲ.

ಹಾಗಾಗಿ ವೈದ್ಯರ ಚೀಟಿ ಓದದೆ ಮೊದಲು ಸ್ಲೈಡ್ ನೋಡಬೇಕೆಂಬ ಪಟ್ಟು ಅರ್ಧ ಸರಿ. ಪೂರ್ವಗ್ರಹ ತಪ್ಪಿಸಲು ಮೊದಲ ನೋಟಕ್ಕೆ ಅದು ಒಳ್ಳೆಯದು. ಕೊನೆಯ ತೀರ್ಮಾನಕ್ಕೆ ಸಾಲದು. ಮಚ್ಚೆ ಎಲ್ಲಿದೆ, ಎಷ್ಟು ದಿನದ್ದು, ಏನು ಹಚ್ಚಿದ್ದಾರೆ ಎಂಬುದು ಗೊತ್ತಿಲ್ಲದೆ ಬರೆದ ವರದಿ ‘ಸೋರಿಯಾಸಿಸ್‌ನಂಥ ಉರಿಯೂತ’ ಎಂಬ ಒಂದು ಸಾಲಿಗೆ ಇಳಿಯುತ್ತದೆ. ಆ ಸಾಲು ಸುಳ್ಳಲ್ಲ, ಆದರೆ ಚಿಕಿತ್ಸೆ ಬರೆಯುವವರಿಗೆ ದಾರಿ ತೋರುವುದಿಲ್ಲ. ಆಕರ್‌ಮನ್ ವಿಧಾನ ಸಾಧ್ಯತೆಗಳನ್ನು ಹತ್ತರಿಂದ ಮೂರಕ್ಕೆ ಇಳಿಸುವ ಉತ್ತಮ ಸಾಧನ. ಮೂರರಿಂದ ಒಂದಕ್ಕೆ ಬರಲು ರೋಗಿಯನ್ನು ಕಂಡ ವೈದ್ಯರೂ ಸ್ಲೈಡ್ ಕಂಡ ವೈದ್ಯರೂ ಮಾತಾಡಿಕೊಳ್ಳಲೇಬೇಕು.