ಕಿವಿಗೆ ಅರ್ಧ ಇಂಚು ದೂರ

ಹೊಸಕೋಟೆಯಲ್ಲಿ ಬೆಳಗಿನ ಜಾವದ ದಮ್ ಬಿರಿಯಾನಿ ಮುಗಿಸಿ ಬೈಕನ್ನು ಎಡಕ್ಕೆ ಹೊರಳಿಸುವವರಿಗೆ ಚಿಂತಾಮಣಿ ರಸ್ತೆ ಅಚ್ಚುಮೆಚ್ಚು. ಎಚ್. ಕ್ರಾಸ್ ದಾಟಿ ಮುಂದೆ ಬಂದರೆ ಕೈವಾರ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬ ನಂಬಿಕೆಯ ಊರು, ಯೋಗಿ ನಾರೇಯಣ ತಾತಯ್ಯನವರ ಮಠದ ಊರು. ಅಲ್ಲಿಗೆ ಹತ್ತಿರದಲ್ಲೇ ಅಂಬಾಜಿದುರ್ಗದ ಬಂಡೆ ಕೊರೆದು ಮಾಡಿದ ಕೈಲಾಸಗಿರಿಯ ಗುಹಾ ದೇವಾಲಯ.

ದಾರಿ ಚೆಂದವೇ. ಆದರೆ ಊರೂರಿಗೂ ಹಂಪು. ಟೊಮೆಟೊ ಕ್ರೇಟು ಹೇರಿಕೊಂಡು ಮಾರುಕಟ್ಟೆಗೆ ಹೊರಟ ಟೆಂಪೊಗಳು. ಸೂಚನೆ ಕೊಡದೆ ಅಡ್ಡ ತಿರುಗುವ ಟ್ರ್ಯಾಕ್ಟರುಗಳು. ಮುಂದಿನ ಸವಾರ ಕಂಡದ್ದು ಹಿಂದಿನವರಿಗೆ ಆ ಗಳಿಗೆಯಲ್ಲೇ ತಿಳಿಯಬೇಕು. ಮೊದಲು ಇದನ್ನು ಕೈ ಬೀಸಿ, ಕಾಲು ಚಾಚಿ ತಿಳಿಸುತ್ತಿದ್ದರು. ಈಗ ಹೆಲ್ಮೆಟ್‌ನ ಎಡಬದಿಗೆ ಅಂಟಿಕೊಂಡ, ಅಂಗೈಯಲ್ಲಿ ಮುಚ್ಚಿಡಬಹುದಾದ ಇಂಟರ್‌ಕಾಮ್ ಹೇಳುತ್ತದೆ: “ಅಣ್ಣ, ಮುಂದೆ ಹಂಪು. ಎಡಕ್ಕೆ ಜಲ್ಲಿ ಬಿದ್ದಿದೆ, ನಿಧಾನ.”

ಹೇಳುವುದೇನೋ ಹೇಳುತ್ತದೆ, ಕೇಳಿಸಬೇಕಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದವರ ದೂರು ಒಂದೇ: ಊರೊಳಗೆ ಚೆನ್ನಾಗಿ ಕೇಳುತ್ತದೆ, ಗಾಡಿ 80 ದಾಟಿದರೆ ಏನೂ ತಿಳಿಯುವುದಿಲ್ಲ. ಅಷ್ಟಕ್ಕೇ ಸೆಟ್ಟು ಬದಲಿಸಲು ಹೊರಡುವವರೂ ಇದ್ದಾರೆ. ಅವಸರ ಬೇಡ. ಇಂಥ ದೂರುಗಳಲ್ಲಿ ಹೆಚ್ಚಿನವು ಯಂತ್ರದ ದೋಷವೇ ಅಲ್ಲ. ಸ್ಪೀಕರು ಕಿವಿಯಿಂದ ಅರ್ಧ ಇಂಚು ಆಚೆ ಕೂತಿರುವುದರ ಫಲ.

ಹೆಲ್ಮೆಟ್‌ನ ಕೆನ್ನೆಯ ಪ್ಯಾಡ್ ಕಳಚಿದರೆ ಕಿವಿಯ ಜಾಗದಲ್ಲಿ ಒಂದು ಗುಳಿ ಕಾಣುತ್ತದೆ. ಸುಮಾರು 40 ಮಿ.ಮೀ. ಅಗಲದ ಸ್ಪೀಕರನ್ನು ಆ ಗುಳಿಯ ನಟ್ಟನಡುವೆ ವೆಲ್ಕ್ರೋದಿಂದ ಅಂಟಿಸಿ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಆದರೆ ಗುಳಿ ಹೆಲ್ಮೆಟ್ ಮಾಡಿದವರ ಅಂದಾಜು. ಕಿವಿ ಎಲ್ಲಿ ಬರುತ್ತದೆಂಬುದು ತೊಟ್ಟ ಮೇಲಷ್ಟೇ ಗೊತ್ತಾಗುವುದು. ಕಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬಿಗೆ ಸೀಮೆಸುಣ್ಣದ ಪುಡಿ ಒತ್ತಿಕೊಂಡು, ಗದ್ದದ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹೆಲ್ಮೆಟ್ ಅಗಲಿಸಿ ತೊಡಬೇಕು. ಇಲ್ಲದಿದ್ದರೆ ಪುಡಿ ಉದ್ದಕ್ಕೂ ಸವರಿಹೋಗುತ್ತದೆ. ತೆಗೆದು ನೋಡಿದರೆ ಒಳಬಟ್ಟೆಯ ಮೇಲೆ ಬಿಳಿ ಚುಕ್ಕೆ. ಸ್ಪೀಕರಿನ ಮಧ್ಯಭಾಗ ಅಲ್ಲಿಗೆ ಬರಬೇಕು. ಬಹಳ ಜನರಿಗೆ ಅದು ತಾವು ಎಣಿಸಿದ್ದಕ್ಕಿಂತ ತುಸು ಮೇಲೆ, ತುಸು ಮುಂದೆ ಇರುತ್ತದೆ.

ಇನ್ನು ಉಳಿಯುವುದು ಕಿವಿಗೂ ಸ್ಪೀಕರಿಗೂ ನಡುವಿನ ಸಂದು. ಇದರ ಪರೀಕ್ಷೆ ಸುಲಭ. ಒಂದು ಹಾಡು ಹಾಕಿ, ಪ್ಯಾಡಿನ ಸಂದಿಯಲ್ಲಿ ಬೆರಳು ತೂರಿಸಿ ಸ್ಪೀಕರನ್ನು ಕಿವಿಯತ್ತ ಒತ್ತಬೇಕು. ಒತ್ತಿದೊಡನೆ ಮೃದಂಗದ ಎಡಬದಿಯ ತುಂಬುನಾದ ಎದ್ದು ಬಂದರೆ, ಬಿಟ್ಟೊಡನೆ ತೆಳ್ಳಗಾದರೆ, ಸ್ಪೀಕರು ದೂರವಿದೆ ಎಂದೇ ಅರ್ಥ. ಸಂದು ಹೆಚ್ಚಿದಂತೆ ಮೊದಲು ಸೋರಿಹೋಗುವುದು ತಗ್ಗು ಸ್ವರ. ಪೆಟ್ಟಿಗೆಯಲ್ಲಿ ಕೊಡುವ ಸ್ಪಂಜಿನ ಬಿಲ್ಲೆಗಳು ಇರುವುದೇ ಇದಕ್ಕೆ. ಅವನ್ನು ಸ್ಪೀಕರಿನ ಹಿಂದೆ ಒಂದೊಂದಾಗಿ ಸೇರಿಸುತ್ತ, ಕಿವಿಗೆ ತಾಗಿಯೂ ತಾಗದಂತೆ ನಿಲ್ಲಿಸಬೇಕು. ಕಿವಿ ನೋಯುತ್ತದೆಂದು ಒಳಗಿನ ಥರ್ಮಾಕೋಲನ್ನು ಬ್ಲೇಡಿನಿಂದ ಕೆತ್ತುವವರಿದ್ದಾರೆ. ಖಂಡಿತ ಕೂಡದು. ಬಿದ್ದಾಗ ಪೆಟ್ಟನ್ನು ನುಂಗುವುದು ಆ ಪದರವೇ. ಹೆಲ್ಮೆಟ್‌ಗಳ ಭಾರತೀಯ ಮಾನಕವಾದ ಐಎಸ್ 4151 ಪ್ರಕಾರ ಪರೀಕ್ಷೆಯಾದದ್ದು ಕೆತ್ತದ ಹೆಲ್ಮೆಟ್ಟು.

ಎಲ್ಲ ಸರಿಯಾಗಿ ಕೂತರೂ ಗಾಳಿ ಇದ್ದೇ ಇದೆ. 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 95 ಡೆಸಿಬಲ್ ಆಸುಪಾಸು ಇರುತ್ತದೆ. 94 ಡೆಸಿಬಲ್ ಸದ್ದಿಗೆ ದಿನಕ್ಕೆ ಒಂದು ಗಂಟೆ ಮಿತಿ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಶ್‌ನ ಲೆಕ್ಕ. ಇದರ ಮೇಲೆ ವಾಲ್ಯೂಮ್ ಏರಿಸುತ್ತ ಹೋಗುವುದು ಕಿವಿಗೆ ಕೇಡು. ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಂಡು ಸ್ಪೀಕರನ್ನು ಕೊಂಚ ಏರಿಸಿದರೆ ಗಾಳಿ ಕುಗ್ಗಿ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಮೈಕಿನ ವಿಚಾರದಲ್ಲಿ ಕೆಲಸ ಕಡಿಮೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿಗೆ ಗದ್ದದ ಒಳಗೆ ಅಂಟಿಸುವ ಗುಂಡಿ ಮೈಕು. ಮುಂಭಾಗ ಎತ್ತುವ ಅಥವಾ ತೆರೆದ ಹೆಲ್ಮೆಟ್ಟಿಗೆ ಕಡ್ಡಿಯ ಮೈಕು. ಯಾವುದಾದರೂ ತುಟಿಗೆ ಹತ್ತಿರವಿರಬೇಕು, ಸದ್ದು ಹಿಡಿಯುವ ಬದಿ ಬಾಯಿಯತ್ತ ಇರಬೇಕು, ಮೇಲೆ ಸ್ಪಂಜಿನ ಟೋಪಿ ಇರಲೇಬೇಕು. ಆ ಟೋಪಿ ಕಳೆದುಹೋದ ಮೈಕಿನಿಂದ ಹೊರಡುವುದು ಬರೀ ಗಾಳಿ.

ಇಲ್ಲೇ ಹೆಚ್ಚಿನವರು ತಪ್ಪುವುದು. ತಮ್ಮ ಕಿವಿಗೆ ಸದ್ದು ಕೆಟ್ಟು ಬಂದರೆ ತಮ್ಮ ಹೆಲ್ಮೆಟ್ಟನ್ನೇ ಬಿಚ್ಚಲು ಕೂರುತ್ತಾರೆ. ಗೆಳೆಯನ ಮಾತಿನೊಡನೆ ಗಾಳಿಯ ಭೋರ್ಗರೆತ ಬರುತ್ತಿದ್ದರೆ ನೋಡಬೇಕಾದ್ದು ಗೆಳೆಯನ ಮೈಕನ್ನು. ತನ್ನದೇ ದನಿ ಅರೆಗಳಿಗೆ ತಡವಾಗಿ ಮರಳಿ ಕೇಳಿದರೆ, ಎದುರಿನವರ ಸ್ಪೀಕರಿನ ಸದ್ದು ಅವರದೇ ಮೈಕಿಗೆ ಸೋರುತ್ತಿದೆ. ಅವರು ವಾಲ್ಯೂಮ್ ಇಳಿಸಿದರೆ ನಿಲ್ಲುತ್ತದೆ. ಹಾಡೂ ತೆಳ್ಳಗೆ, ಮಾತೂ ತೆಳ್ಳಗೆ ಕೇಳಿದರೆ ಮಾತ್ರ ದೋಷ ತನ್ನ ಕಡೆಯದು. ಒಂದೇ ಕಿವಿಗೆ ಸದ್ದಿದ್ದರೆ ಮೊದಲು ಸ್ಪೀಕರ್ ವೈರಿನ ಜ್ಯಾಕನ್ನು ಕಟಕ್ ಎನ್ನುವಷ್ಟು ಒತ್ತಿ ನೋಡಬೇಕು.

ಇನ್ನೊಂದು ಸಂದೇಹ ಎಲ್ಲರಿಗೂ ಬರುವಂಥದು. ತಾತಯ್ಯನವರ ತತ್ವಪದ ಸ್ಟೀರಿಯೊದಲ್ಲಿ ಇಂಪಾಗಿ ಹರಿಯುತ್ತಿರುತ್ತದೆ. ಫೋನ್ ಕರೆ ಬಂದೊಡನೆ ಸದ್ದು ಪೇಲವವಾಗುತ್ತದೆ. ಕೆಟ್ಟಿದ್ದೇನೂ ಇಲ್ಲ. ಬ್ಲೂಟೂತ್‌ನಲ್ಲಿ ಹಾಡಿಗೆ ಎ2ಡಿಪಿ ಎಂಬ ದಾರಿ. ಅದು ಒಮ್ಮುಖ, ಆದರೆ ಅಗಲ. ಮಾತಿಗೆ ಎಚ್‌ಎಫ್‌ಪಿ, ಇಮ್ಮುಖ, ಆದರೆ ಮೋನೊ, ಕಿರಿದು. ಹಳೆಯ ಸೆಟ್ಟುಗಳು ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಕಳಿಸುತ್ತಿದ್ದವು. 2011ರಲ್ಲಿ ಬಂದ ಎಚ್‌ಎಫ್‌ಪಿ 1.6 ಅದನ್ನು 16,000ಕ್ಕೆ ಏರಿಸಿತು. ‘ಸ’, ‘ಶ’ ಬೇರೆಯಾಗಿ ಕೇಳುವ ಸೆಟ್ಟು ಬೇಕಿದ್ದರೆ ಕೊಳ್ಳುವಾಗ ಈ ವಿವರ ನೋಡಬೇಕು.

ದೂರದ ಲೆಕ್ಕಕ್ಕೆ ಚಿಂತಾಮಣಿಯ ಬೆಟ್ಟಗಳೇ ಒರೆಗಲ್ಲು. ಇಂಟರ್‌ಕಾಮ್‌ಗಳು ಬಳಸುವುದು ಲೈಸೆನ್ಸ್ ಬೇಡದ 2.4 ಗಿಗಾಹರ್ಟ್ಸ್ ತರಂಗ. ಪೆಟ್ಟಿಗೆಯ ಮೇಲೆ ಒಂದು ಕಿ.ಮೀ. ಎಂದಿದ್ದರೆ ಅದು ಬಟಾಬಯಲಿನ ಮಾತು. ಕೈಲಾಸಗಿರಿಯ ದಾರಿಯಲ್ಲಿ ಮುಂದಿನ ಬೈಕು ಒಂದು ಹೆಬ್ಬಂಡೆಯ ಮರೆಗೆ ಹೋದರೆ ಸಾಕು, ದನಿ ಹರಿದುಹೋಗುತ್ತದೆ. ಹಳೆಯ ಪದ್ಧತಿಯಲ್ಲಿ ಸೆಟ್ಟುಗಳು ಸರಪಳಿಯಂತೆ ಜೋಡಣೆಯಾಗುತ್ತವೆ. ಜೋಡಿಸಿದ ಕ್ರಮದಲ್ಲೇ ಸಾಗಬೇಕು, ನಡುವಿನವರು ಪೆಟ್ರೋಲಿಗೆ ನಿಂತರೆ ಎರಡು ತುದಿಗೂ ಮಾತಿಲ್ಲ. ಇಸ್ರೇಲ್‌ನ ಕಾರ್ಡೊ ಕಂಪನಿ 2015ರಲ್ಲಿ ಪ್ಯಾಕ್‌ಟಾಕ್‌ನೊಂದಿಗೆ ಮೆಶ್ ತಂದದ್ದು ಈ ತೊಡಕಿಗೆ ಮದ್ದಾಗಿ. ಕೊಡ ಕೈಯಿಂದ ಕೈಗೆ ದಾಟುವಂತೆ ಇಲ್ಲಿ ಪ್ರತಿ ಸೆಟ್ಟೂ ಉಳಿದವರ ಮಾತನ್ನು ದಾಟಿಸುತ್ತದೆ, ಯಾರು ಮುಂದೆ ಯಾರು ಹಿಂದೆ ಎಂಬ ಹಂಗಿಲ್ಲ. ಹೆಲ್ಮೆಟ್ ತಂಪು ಮಾಡುವ ಸಾಧನದಿಂದ ಶುರು ಮಾಡಿದ ಬೆಂಗಳೂರಿನ ಬ್ಲೂಆರ್ಮರ್ ಕೂಡ ಈಗ ಮೆಶ್ ಇಂಟರ್‌ಕಾಮ್ ಮಾಡುತ್ತದೆ. ಅದಕ್ಕೆ ರೈಡ್‌ಗ್ರಿಡ್ ಎಂದು ಹೆಸರು. ಮೆಶ್ ಇದ್ದರೂ ಬೆಟ್ಟದ ತಿರುವುಗಳಲ್ಲಿ ಒಬ್ಬರು ನಡುವೆ ಇದ್ದು, ಹಿಂದಿನ ಮುಂದಿನ ಇಬ್ಬರಿಗೂ ಕಾಣುವಂತೆ ಸಾಗಬೇಕು.

ಗುಂಪಿನಲ್ಲಿ ಬೇರೆ ಬೇರೆ ಕಂಪನಿಯ ಸೆಟ್ಟುಗಳಿದ್ದರೆ ಯೂನಿವರ್ಸಲ್ ಇಂಟರ್‌ಕಾಮ್ ಎಂಬ ಆಯ್ಕೆಯಿದೆ. ಅದರಲ್ಲಿ ಒಂದು ಸೆಟ್ಟು ಇನ್ನೊಂದರ ಎದುರು ಫೋನಿನಂತೆ ನಟಿಸುತ್ತದೆ. ಹಾಗಾಗಿ ಎರಡು ಫೋನಿಗೆ ಮೀಸಲಾದ ಜಾಗಗಳಲ್ಲಿ ಒಂದನ್ನು ಅದು ತಿನ್ನುವುದುಂಟು; ಮ್ಯಾಪಿನ ದನಿ ಇದ್ದಕ್ಕಿದ್ದಂತೆ ನಿಂತರೆ ಕಾರಣ ಅಲ್ಲಿ ಹುಡುಕಬೇಕು. ಚಿಂತಾಮಣಿಯಲ್ಲಿ ತಿಂಡಿಗೆ ನಿಂತು ಮತ್ತೆ ಹೊರಟಾಗ ಇಂಥ ಜೋಡಿ ತಾನಾಗಿ ಕೂಡಿಕೊಳ್ಳದೆಯೂ ಇರಬಹುದು. ಗ್ಲೌಸ್ ತೊಡುವ ಮೊದಲೇ ಗುಂಡಿ ಒತ್ತಿ, “ಕೇಳಿಸ್ತಿದೆಯೇನೋ?” ಎಂದು ಕೇಳಿ, ಉತ್ತರ ಬಂದ ಮೇಲೆ ಹೊರಡಬೇಕು.