ಹೆಗ್ಗೋಡಿನ ನಾಟಕಬಳಗ: ಅಳತೆಗೋಲಿನ ಪ್ರಶ್ನೆ

ವಿಲಾಸಿ ನಾಟಕಸಂಘಗಳನ್ನು ಕುರಿತ ನಮ್ಮ ವಿಮರ್ಶೆ ಎರಡು ತುದಿಗಳ ನಡುವೆ ತೂಗಾಡುತ್ತ ಬಂದಿದೆ. ವೃತ್ತಿಮಂಡಳಿಗಳ ಅಳತೆಗೋಲನ್ನು ಹಿಡಿದು ಕೊರತೆಗಳನ್ನೆಣಿಸುವುದು ಒಂದು. ಬಿಡುವಿನ ವೇಳೆಯಲ್ಲಿ ಇಷ್ಟಾದರೂ ಮಾಡಿದರಲ್ಲ ಎಂದು ಬೆನ್ನು ತಟ್ಟಿ ಕಳುಹಿಸುವುದು ಇನ್ನೊಂದು. ಎರಡನೆಯದು ಔದಾರ್ಯದಂತೆ ತೋರಿದರೂ ಅದು ಉಪೇಕ್ಷೆಯೇ ಸರಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು, ಎಂದರೆ ನೀನಾಸಮನ್ನು, ಮುಂದಿಟ್ಟುಕೊಂಡು ಬೇರೊಂದು ಅಳತೆ ಸಾಧ್ಯವೆ ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಈ ಸಂಘದ ಚರಿತ್ರೆಯನ್ನು ಹೇಳುವ ರೂಢಿಯ ಕ್ರಮವೊಂದಿದೆ. ೧೯೪೯ರಲ್ಲಿ ಸಂಘ, ೧೯೭೨ರಲ್ಲಿ ಶಿವರಾಮ ಕಾರಂತ ರಂಗಮಂದಿರ, ೧೯೭೩ರಲ್ಲಿ ಚಿತ್ರಸಮಾಜ, ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರ, ೧೯೮೫ರಲ್ಲಿ ತಿರುಗಾಟ, ೧೯೯೧ರಲ್ಲಿ ಕೆ. ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ. ಇದೆಲ್ಲ ಸತ್ಯ, ಆದರೆ ಇದು ಸಂಸ್ಥೆಯ ಚರಿತ್ರೆ, ಊರಿನದಲ್ಲ. ಶಿಕ್ಷಣ ಕೇಂದ್ರವು ಬಂದದ್ದು ಸಂಘ ಹುಟ್ಟಿ ಮೂವತ್ತೊಂದು ವರ್ಷಗಳಾದ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ಅಷ್ಟು ಕಾಲವೂ ನಾಟಕವನ್ನು ಹೊತ್ತು ನಡೆಸಿದವರು ಹಗಲೆಲ್ಲ ತೋಟ ಗದ್ದೆಗಳಲ್ಲಿ ದುಡಿದು ಸಂಜೆಗೆ ಬಣ್ಣ ಹಚ್ಚಿಕೊಂಡವರು.

ಇಂತಹ ಸಂಘದ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ಹೊತ್ತು. ಅಡಕೆಯ ಸೀಮೆಯಲ್ಲಿ ಹೊತ್ತು ಪುಕ್ಕಟೆಯಾಗಿ ದೊರೆಯುವ ವಸ್ತುವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು; ಅದು ಮುಗಿದು ಕೊಯ್ಲು ಬಂದಿತೆಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಒಂದರ ಬೆನ್ನಿಗೊಂದು. ಯಂತ್ರಗಳು ಬರುವ ಮುನ್ನ ಮನೆಯವರೂ ಆಳುಗಳೂ ನೆರೆಯವರೂ ಸೇರಿ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುತ್ತಿದ್ದರು. ಒಬ್ಬನು ತಾಲೀಮಿಗೆ ಎದ್ದುಹೋದರೆ ಅವನ ಪಾಲಿನ ಅಡಕೆಯನ್ನು ಇನ್ನೊಬ್ಬರು ಸುಲಿಯಲೇಬೇಕು. ಆ ಇನ್ನೊಬ್ಬರು ಯಾರು? ಮನೆಯ ಹೆಂಗಸರೇ, ಕೂಲಿಯವರೇ? ಸ್ವಯಂಸೇವೆಯೆಂಬ ಮಾತನ್ನು ಹಗುರವಾಗಿ ಬಳಸುವ ವಿಮರ್ಶಕರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ರಂಗದ ಮೇಲೆ ಕಾಣದ ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಊರಿನ ನಾಟಕವೆಂಬುದರ ಅರ್ಥ ಪೂರ್ಣವಾಗದು.

ಊರು ಎಂದರೆ ಯಾರ ಊರು ಎಂಬ ಪ್ರಶ್ನೆಯೂ ಇದರೊಡನೆಯೇ ಏಳುತ್ತದೆ. ಸಂಘ ಹುಟ್ಟಿದ ಎರಡೇ ವರ್ಷಗಳಲ್ಲಿ, ೧೯೫೧ರಲ್ಲಿ, ಅದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರಿಗೆದುರಾಗಿ ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ಮೂಲ. ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬರುವವರೆಗೂ ಆ ಕಾವು ಆರಲಿಲ್ಲ. ಅಂತಹ ನೆಲದಲ್ಲಿ ನಾಟಕಸಂಘವೊಂದು ಬಾಳಿ ಬೆಳೆಯಿತೆಂಬುದನ್ನು ನೋಡಿ ಒಡನೆಯೇ ಸೌಹಾರ್ದವೆಂದು ಕೊಂಡಾಡುವುದು ಚರಿತ್ರಕಾರನಿಗೆ ತಕ್ಕದ್ದಲ್ಲ. ಯಾವ ಕೇರಿಯವರು ಯಾವ ವರ್ಷದಿಂದ ರಂಗವೇರಿದರು, ಯಾರು ರಾಜನಾದರು, ಯಾರು ದೂತನಾಗಿಯೇ ಉಳಿದರು ಎಂಬುದು ಪತ್ರಿಕೆಗಳ ಪ್ರಶಂಸೆಗಿಂತ ಹೆಚ್ಚಿನ ಸಾಕ್ಷ್ಯ.

ಇನ್ನು ಕಲೆಯ ಮಾತು. ವೃತ್ತಿನಟನನ್ನು ಪ್ರೇಕ್ಷಕನು ಪಾತ್ರವಾಗಿ ಮಾತ್ರ ಬಲ್ಲ. ಬಳಗದ ನಟನಾದರೋ ಮಾರನೆಯ ಬೆಳಗ್ಗೆ ಅಂಗಡಿಯಲ್ಲೋ ತೋಟದ ದಾರಿಯಲ್ಲೋ ಎದುರಾಗುವ ನೆರೆಯವನು. ದುಷ್ಯಂತನು ಶಕುಂತಲೆಯನ್ನು ಅರಿಯೆನೆಂದಾಗ ಸಭೆಗೆ ದುಷ್ಯಂತನೂ ಕಾಣುತ್ತಾನೆ, ಮಾತಿಗೆ ತಪ್ಪಬಲ್ಲ ತಮ್ಮೂರಿನ ಯಜಮಾನನೂ ಕಾಣುತ್ತಾನೆ. ಇದನ್ನು ರಸಭಂಗವೆಂದು ಕರೆಯುವವರುಂಟು. ನಮ್ಮ ಅಭಿಪ್ರಾಯದಲ್ಲಿ ಇದು ವೃತ್ತಿರಂಗಕ್ಕೆ ಎಟುಕದ ಶಕ್ತಿ. ಬಳಗದ ಪ್ರಯೋಗವನ್ನು ಇದರಿಂದಲೇ ಅಳೆಯಬೇಕು. ತಿರುಗಾಟದ ತರಬೇತಾದ ನಟರು ನಾಡೆಲ್ಲ ಸಂಚರಿಸಿ ಮಾಡಿರುವ ಕೆಲಸ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಅಚ್ಚುಕಟ್ಟನ್ನೇ ಊರಿನವರೂ ಅನುಕರಿಸಹೊರಟರೆ ದೊರೆಯುವುದು ಎರಡನೆಯ ದರ್ಜೆಯ ತಿರುಗಾಟವೇ ಹೊರತು ಮೊದಲನೆಯ ದರ್ಜೆಯ ಹೆಗ್ಗೋಡಲ್ಲ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ನಾಟಕಗಳ ಪಟ್ಟಿಗಿಂತ ಮೊದಲು ಪಾತ್ರಧಾರಿಗಳ ಪಟ್ಟಿಗಳನ್ನೂ, ಅದೇ ವರ್ಷಗಳ ಅಡಕೆಯ ಲೆಕ್ಕದ ಪುಸ್ತಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ತಾಲೀಮಿನ ರಾತ್ರಿಗಳಲ್ಲಿ ಮನೆಯಲ್ಲುಳಿದು ಅಡಕೆ ಸುಲಿದವರ ಮಾತನ್ನು, ಅವರು ನಮ್ಮ ನಡುವೆ ಇರುವಾಗಲೇ, ಬರೆದಿಟ್ಟುಕೊಳ್ಳಬೇಕು.