ರಂಗದ ನಗೆಯೂ ಪ್ರಸಾರದ ನಗೆಯೂ: ಮಾಸ್ಟರ್ ಹಿರಣ್ಣಯ್ಯನವರ ವಿನೋದಕಲೆ

ಹಾಸ್ಯಗಾರನ ಬಂಡವಾಳವು ಮಾತು. ಅದಕ್ಕೆ ಬಡ್ಡಿಯನ್ನು ಸಲ್ಲಿಸುವವರು ಪ್ರೇಕ್ಷಕರು. ಪ್ರೇಕ್ಷಕರನ್ನು ಕಣ್ಣೆದುರಿನಿಂದ ಸರಿಸಿ ಮಾತನ್ನಷ್ಟೇ ಉಳಿಸಿಕೊಂಡರೆ ಹಾಸ್ಯವು ಉಳಿದೀತೇ ಎಂಬ ಪ್ರಶ್ನೆಯು ನಾಟ್ಯಕಲೆಯು ಯಂತ್ರಗಳ ಆಶ್ರಯಕ್ಕೆ ಬಂದಂದಿನಿಂದಲೂ ಇದೆ. ಮಾಸ್ಟರ್ ಹಿರಣ್ಣಯ್ಯನವರ (1934–2019) ಕಲಾಜೀವನವು ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಕನ್ನಡದಲ್ಲಿ ದೊರೆಯುವ ಉತ್ತಮ ನಿದರ್ಶನವಾಗಿದೆ.

ಅವರ ತಂದೆ ಕೆ. ಹಿರಣ್ಣಯ್ಯನವರು ತಮ್ಮ ಮಿತ್ರಮಂಡಳಿಯ ಮೂಲಕ ವಿನೋದಕ್ಕೆ ಗೌರವವನ್ನು ತಂದವರು. 1943ರಲ್ಲಿ ‘ವಾಣಿ’ ಎಂಬ ಚಲಚ್ಚಿತ್ರವನ್ನು ನಿರ್ದೇಶಿಸಿದವರು. 1953ರಲ್ಲಿ ಅವರು ತೀರಿಕೊಂಡಾಗ ಮಂಡಳಿಯ ಭಾರವು ಹತ್ತೊಂಬತ್ತರ ಹರೆಯದ ಮಗನ ಹೆಗಲಿಗೆ ಬಂದಿತು. 1959ರಲ್ಲಿ ರಂಗವನ್ನೇರಿದ ‘ಲಂಚಾವತಾರ’ವು ಮಗನ ಹೆಸರನ್ನು ತಂದೆಯ ಹೆಸರಿನಷ್ಟೇ ಮನೆಮಾತಾಗಿಸಿತು.

ಕಟ್ಟುನಿಟ್ಟಾಗಿ ನೋಡಿದರೆ ಇಲ್ಲಿ ಕಥಾಬಂಧವು ಸಡಿಲು. ಪಾತ್ರಗಳು ಮಾತಿಗೆ ಗೂಟಗಳಷ್ಟೆ. ಎಷ್ಟೋ ಸಲ ನಾಟಕವು ನಿಂತು ಭಾಷಣವು ನಡೆಯುವುದು. ಇದು ದೋಷವೆಂಬುದನ್ನು ಒಪ್ಪಲೇಬೇಕು. ಆದರೆ ಅವರ ಶಕ್ತಿಯೂ ಈ ಸಡಿಲಿನಲ್ಲಿಯೇ ಇದ್ದಿತು. ಮುಂಜಾನೆಯ ಪತ್ರಿಕೆಯ ಸುದ್ದಿಯು ರಾತ್ರಿಯ ಆಟದಲ್ಲಿ ಮಾತಾಗುತ್ತಿತ್ತು. ಲಂಚ ತೆಗೆದುಕೊಳ್ಳುವವನೂ ಲಂಚ ಕೊಡುವವನೂ ಒಂದೇ ಮಂಟಪದಲ್ಲಿ ಕುಳಿತಿರುತ್ತಿದ್ದರು. ಅವರು ಇಬ್ಬರನ್ನೂ ಬಿಡುತ್ತಿರಲಿಲ್ಲ. ಅಧಿಕಾರಿಯನ್ನು ಕುರಿತು ನಕ್ಕವನು ಮರುಕ್ಷಣದಲ್ಲಿ ತನ್ನನ್ನು ಕುರಿತು ನಗಬೇಕಾಗುತ್ತಿತ್ತು. ಇಂಥ ಮಾತಿಗೆ ಬೆಲೆ ತೆರಬೇಕಾಗುವುದು ಸಹಜ; ನ್ಯಾಯಾಲಯದ ಮೆಟ್ಟಿಲನ್ನೂ ಅವರು ಹತ್ತಬೇಕಾಯಿತು. ನಗೆಯ ಹಿಂದೆ ಈ ಅಪಾಯವಿದ್ದುದರಿಂದಲೇ ಅದಕ್ಕೆ ತೂಕವಿದ್ದಿತು.

ಇನ್ನು ಪ್ರಸಾರದ ಮಾತು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಹಾಸ್ಯಲೇಖಕರಾದ ನಾ. ಕಸ್ತೂರಿಯವರೆಂಬುದು ಪ್ರಸಿದ್ಧವಾಗಿದೆ. 1950ರ ಜನೆವರಿ 8ರಂದು ಧಾರವಾಡ ಕೇಂದ್ರವು ಆರಂಭವಾಯಿತು. ಕಂಪನಿ ನಾಟಕವನ್ನು ನೋಡಲು ಹಾನಗಲ್ಲಿನವರು ಶಿರಸಿಯ ಮಾರಿಕಾಂಬಾ ಜಾತ್ರೆಯ ದಾರಿ ಹಿಡಿಯಬೇಕಾಗಿದ್ದಿತು. ಬಾನುಲಿಯಾದರೋ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಪಡಸಾಲೆಗೇ ನಾಟಕವನ್ನು ತಂದಿತು. ಹೆಂಗಸರೂ ಮುದುಕರೂ ಮನೆಯಲ್ಲಿಯೇ ಕೇಳುವಂತಾದುದು ಸಣ್ಣ ಉಪಕಾರವಲ್ಲ. ಆದರೆ ಸರಕಾರದ ಬಾನುಲಿಯಲ್ಲಿ ವ್ಯಕ್ತಿನಿಂದೆಗೂ ಪಕ್ಷನಿಂದೆಗೂ ಎಡೆಯಿಲ್ಲ. ಮೊದಲೇ ಬರೆದು ಒಪ್ಪಿಸಿದ ಮಾತನ್ನಷ್ಟೇ ಆಡತಕ್ಕ ಸ್ಥಳದಲ್ಲಿ ‘ಲಂಚಾವತಾರ’ದ ನಾಲಗೆಯು ಹೇಗೆ ತಾನೇ ಹರಿದೀತು?

ಈ ತೊಡಕು ನಮ್ಮೊಬ್ಬರದೇ ಅಲ್ಲ. ಅಮೇರಿಕೆಯ ರಂಗವಿದೂಷಕ ಎಡ್ ವಿನ್ನನು 1932ರಲ್ಲಿ ಬಾನುಲಿಗೆ ಬಂದಾಗ, ಕೇಳುವವರಿಗೆ ಕಾಣದಿದ್ದರೂ ವೇಷವನ್ನು ತೊಟ್ಟು, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡೇ ನಗಿಸುತ್ತಿದ್ದನು. ಇಂಗ್ಲೆಂಡಿನ ಟಾಮಿ ಹ್ಯಾಂಡ್ಲಿಯು ಬೇರೆ ದಾರಿ ಹಿಡಿದನು. 1939ರಿಂದ 1949ರ ವರೆಗೆ ಅವನ ಬಾನುಲಿ ವಿನೋದಕ್ಕೆ ಟೆಡ್ ಕ್ಯಾವನಾ ಎಂಬ ಲೇಖಕನು ವಾರವಾರವೂ ಹೊಸ ಮಾತನ್ನು ಬರೆಯುತ್ತಿದ್ದನು. ಯುದ್ಧಕಾಲದ ಕಚೇರಿಗಳ ಕಟ್ಟಳೆಗಳೇ ಅಲ್ಲಿ ನಗೆಯ ವಸ್ತುವಾದವು. ಬಾಗಿಲ ಸದ್ದು, ಬಗೆಬಗೆಯ ದನಿ, ಮರುಕಳಿಸುವ ಪಲ್ಲವಿಯಂಥ ಮಾತು, ಇವು ವೇಷದ ಸ್ಥಾನವನ್ನು ತುಂಬಿದವು. ಪ್ರಸಾರದಲ್ಲಿ ಹಾಸ್ಯವು ಬಾಳಬಲ್ಲದು. ಆದರೆ ಅದಕ್ಕಾಗಿಯೇ ಹುಟ್ಟಿ ಬರಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಹಿರಣ್ಣಯ್ಯನವರ ಹಾಸ್ಯವು ಹಾಗೆ ಹುಟ್ಟಿದುದಲ್ಲ. ಧ್ವನಿಸುರುಳಿಗಳು ಅದನ್ನು ನಾಡಿನ ಮೂಲೆಮೂಲೆಗೆ ಒಯ್ದವು. ವೇಷವಿಲ್ಲದೆಯೂ ಆ ಕಂಠವು ಸಾಕಾಯಿತೆಂಬುದು ಅವರ ಹೆಚ್ಚಳವೇ ಸರಿ. ಮೈಸೂರು ಸೀಮೆಯ ಆ ನುಡಿಗೆ ಈ ಸೀಮೆಯವರೂ ಮನಸಾರೆ ನಕ್ಕರು. ಆದರೆ ಸುರುಳಿಯಲ್ಲಿ ಸೆರೆಯಾದ ಮಾತಿಗೆ ನಾಳೆಯ ಸುದ್ದಿಯು ಸೇರದು. ಮನೆಯಲ್ಲಿ ಕುಳಿತು ಕೇಳುವವನು ಎಲ್ಲಿಯೋ ಇರುವ ಅಧಿಕಾರಿಯನ್ನು ಕುರಿತು ನಗುವನು. ಅವನತ್ತ ತಿರುಗಿ ‘ನೀನೋ?’ ಎಂದು ಕೇಳುವವರು ಅಲ್ಲಿಲ್ಲ. ಚಾಟಿಯ ಸದ್ದು ಉಳಿದು ಪೆಟ್ಟು ಮಾಯವಾಯಿತು. ಮುಂದೆ ದೂರದರ್ಶಕದ ಧಾರಾವಾಹಿಗಳಲ್ಲಿ ಅವರು ಕಾಣಿಸಿಕೊಂಡಾಗ ಮುಖವು ಮರಳಿ ದೊರೆಯಿತು. ಆದರೆ ಮಾತು ಪರರದಾಯಿತು. ಅಲ್ಲಿ ಅನುಭವಿ ನಟನಿದ್ದನು. ಮಂಟಪವನ್ನು ನಡುಗಿಸಿದ ವಿನೋದಗಾರನು ಮಾತ್ರ ಇರಲಿಲ್ಲ.

ಇದರಿಂದ ಪ್ರಸಾರವನ್ನು ಹಳಿಯಬೇಕೆಂದಲ್ಲ. ಎರಡು ಬಗೆಯ ನಗೆಗಳ ಧರ್ಮವನ್ನು ಅರಿಯಬೇಕೆಂದಷ್ಟೆ. ಬಾನುಲಿಗೆ ಬೇಕಾದ ನಗೆಯನ್ನು ಬಾನುಲಿಗೆಂದೇ ಬರೆಯಲಿ. ತಪ್ಪಿತಸ್ಥನೆದುರಿಗೆ ತಪ್ಪನ್ನು ಆಡಿ ತೋರಿಸುವ ನಗೆಗೆ ಮಾತ್ರ ಊರ ನಡುವಿನ ರಂಗವೇ ಬೇಕು. ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ಹಳ್ಳಿಯಲ್ಲಿ ಹವ್ಯಾಸಿ ಕಲಾವಿದರು ರಂಗವನ್ನು ಜೀವಂತವಾಗಿ ಇರಿಸಿರುವುದು ಆದಕಾರಣ ಬರಿಯ ಮನರಂಜನೆಯ ಸಂಗತಿಯಲ್ಲ. ದೀಪಗಳು ಆರಿದ ಮೇಲೆ ನಕ್ಕವರೂ ನಗೆಗೀಡಾದವರೂ ಒಂದೇ ದಾರಿಯಿಂದ ಮನೆಗೆ ನಡೆಯಬೇಕಾದ ಊರಿನಲ್ಲಿಯೇ ಹಾಸ್ಯವು ತನ್ನ ಕೆಲಸವನ್ನು ಮಾಡುವುದು.